ಹೊರಗೆ ನುಣುಪು, ಒಳಗೆ ಬಿರುಕು: ಹಳೆ ವ್ಯಾನಿನ ಹೋಸ್ ಪೈಪು

ಪ್ರಶ್ನೆ: ನಮ್ಮದು ಇಪ್ಪತ್ತು ವರ್ಷ ಹಳೆಯ ಡೀಸೆಲ್ ವ್ಯಾನು. ಹಿಂದೆ ಮಂಚ, ಫ್ರಿಜ್, ಇನ್ವರ್ಟರ್ ಕೂರಿಸಿ ಕ್ಯಾಂಪರ್ ಮಾಡಿಸಿದ್ದೇವೆ. ದೇವಿಮನೆ ಘಟ್ಟ ಹತ್ತುವಾಗ ರೇಡಿಯೇಟರ್ ಮೇಲಿನ ಹೋಸ್ ಒಡೆದು ಕೂಲಂಟ್ (ಎಂಜಿನ್ ತಣಿಸುವ ದ್ರವ) ಎಲ್ಲಾ ಚೆಲ್ಲಿಹೋಯಿತು. ಹಾಕಿ ಎರಡೇ ವರ್ಷ, ಹೊರಗೆ ಒಂದು ಬಿರುಕೂ ಇರಲಿಲ್ಲ. ಯಾಕೆ ಹೀಗಾಯಿತು?
– ಓದುಗರು, ಕಾರವಾರ

ಉತ್ತರ: ಹೋಸ್ ಹೆಚ್ಚಾಗಿ ಹಾಳಾಗುವುದು ಒಳಗಿನಿಂದ, ಅದೂ ತುದಿಗಳಲ್ಲಿ. ರೇಡಿಯೇಟರ್, ಎಂಜಿನ್, ಕೂಲಂಟ್ ಮೂರೂ ಸೇರಿ ಬ್ಯಾಟರಿಯಂತೆ ವರ್ತಿಸುತ್ತವೆ. ಆ ಸಣ್ಣ ವಿದ್ಯುತ್ತಿನಿಂದ ರಬ್ಬರಿನ ಒಳಮೈಯಲ್ಲಿ ಉದ್ದುದ್ದ ಕೂದಲೆಳೆಯಂಥ ಸೀಳುಗಳು ಬೀಳುತ್ತವೆ. ಅವುಗಳಲ್ಲಿ ಕೂಲಂಟ್ ಇಳಿದು ನಡುವಿನ ನೂಲಿನ ಪದರ ಸೋಲುತ್ತದೆ. ಘಟ್ಟದಲ್ಲಿ ಶಾಖ, ಒತ್ತಡ ಏರಿದಾಗ ಅಲ್ಲೇ ಒಡೆಯುತ್ತದೆ. ಹಾಗಾಗಿ ಹೊರಮೈ ನೋಡಿ ನಂಬಬೇಡಿ. ಎಂಜಿನ್ ಪೂರ್ತಿ ತಣಿದ ಮೇಲೆ ಹೋಸ್ ತುದಿ ಬಿಗಿಯುವ ಕ್ಲಿಪ್ಪಿನಿಂದ ಎರಡು ಇಂಚಿನೊಳಗೆ ಬೆರಳಲ್ಲಿ ಒತ್ತಿ, ಆಮೇಲೆ ನಡುವೆ ಒತ್ತಿ. ತುದಿ ಹೆಚ್ಚು ಮೆತ್ತಗಿದ್ದರೆ, ಒಳಗೆ ಸಂದು ಬಿಟ್ಟಂತೆ ಬೆರಳಿಗೆ ತಾಗಿದರೆ ಆ ಹೋಸ್ ಮುಗಿಯಿತು. ನಡುವೆ ಉಬ್ಬಿ ಜಿಗುಟಾಗಿದ್ದರೆ ಮೇಲಿಂದ ಎಣ್ಣೆ ಸೋರುತ್ತಿದೆ. ಮೊದಲು ಅದನ್ನು ನಿಲ್ಲಿಸಿ.

ನಿಮ್ಮದು ಎರಡೇ ವರ್ಷಕ್ಕೆ ಹೋಯಿತು ಎಂದರೆ ನಮ್ಮ ಅನುಮಾನ ಫ್ರಿಜ್ ಮತ್ತು ಇನ್ವರ್ಟರಿನ ಅರ್ಥ್ (ಮೈನಸ್ ತಂತಿಯ ಜೋಡಣೆ) ಮೇಲೆ. ಅದು ಕೆಟ್ಟರೆ ಅವುಗಳ ವಿದ್ಯುತ್ತು ಕೂಲಂಟಿನ ಮೂಲಕ ಹರಿಯುತ್ತದೆ. ತಣ್ಣಗಿರುವಾಗ ರೇಡಿಯೇಟರ್ ಮುಚ್ಚಳ ತೆಗೆಯಿರಿ. ಮಲ್ಟಿಮೀಟರಿನ ಕಪ್ಪು ತಂತಿಯನ್ನು ಬ್ಯಾಟರಿಯ ಮೈನಸ್‌ಗೆ ಕೊಟ್ಟು, ಕೆಂಪನ್ನು ಲೋಹಕ್ಕೆ ತಾಗದಂತೆ ಕೂಲಂಟಿನಲ್ಲಿ ಅದ್ದಿ. ಎಲ್ಲ ಸ್ವಿಚ್ಚೂ ಆಫ್ ಇದ್ದಾಗಲೇ 0.3 ವೋಲ್ಟ್ ದಾಟಿದರೆ ಕೂಲಂಟ್ ಸತ್ವ ಕಳೆದುಕೊಂಡಿದೆ, ಬದಲಿಸಿ. ಫ್ರಿಜ್ ಹಾಕಿದೊಡನೆ ಅಂಕಿ ಜಿಗಿದರೆ ಅದರ ಅರ್ಥ್ ಕೆಟ್ಟಿದೆ. ಬಾಡಿಯ ತುಕ್ಕು ಹಿಡಿದ ಬೋಲ್ಟಿಗೆ ಕಟ್ಟಿದ್ದರೆ ಬಿಚ್ಚಿ, ದಪ್ಪ ತಂತಿಯಲ್ಲಿ ನೇರ ಬ್ಯಾಟರಿಯ ಮೈನಸ್‌ಗೆ ಎಳೆಯಿರಿ. ಇದನ್ನು ಸರಿಮಾಡದೆ ಹೊಸ ಹೋಸ್ ಹಾಕಿದರೆ ಅದಕ್ಕೂ ಇದೇ ಗತಿ.

ಹೊಸದನ್ನು ಹಾಕುವಾಗ ಹೋಸ್ ಕೂರುವ ಲೋಹದ ಕುತ್ತಿಗೆಯ ಮೇಲಿನ ಬಿಳಿ ಪುಡಿಯನ್ನು ನಯವಾದ ಸ್ಯಾಂಡ್ ಪೇಪರಿನಿಂದ ತೆಗೆಯಿರಿ. ಒಳಗೆ ಜಾರಲು ಕೂಲಂಟನ್ನೇ ಸವರಿ. ಗ್ರೀಸ್, ಎಂಜಿನ್ ಆಯಿಲ್ ಬೇಡ, ರಬ್ಬರ್ ಊದುತ್ತದೆ. ಕ್ಲಿಪ್ಪಿನ ವಿಷಯದಲ್ಲಿ ಕಡಲತೀರದವರು ಜಿಪುಣತನ ಮಾಡಬಾರದು. ಸ್ಟೇನ್‌ಲೆಸ್ ಎಂದು ಮಾರುವ ಎಷ್ಟೋ ಕ್ಲಿಪ್ಪುಗಳಲ್ಲಿ ಪಟ್ಟಿ ಮಾತ್ರ ಸ್ಟೇನ್‌ಲೆಸ್, ಸ್ಕ್ರೂ ಸಾದಾ ಕಬ್ಬಿಣ. ಅಂಗಡಿಯಲ್ಲೇ ಆಯಸ್ಕಾಂತ ಹಿಡಿದು ನೋಡಿ: ಸ್ಕ್ರೂ ಗಟ್ಟಿಯಾಗಿ ಅಂಟಿಕೊಂಡರೆ ಬೇಡ, ಉಪ್ಪುಗಾಳಿಗೆ ತುಕ್ಕು ಹಿಡಿಯುತ್ತದೆ. ಎಂಜಿನ್ ಒಮ್ಮೆ ಕಾದು ತಣಿದ ಮೇಲೆ ಸ್ಕ್ರೂ ಮತ್ತೊಮ್ಮೆ ಬಿಗಿಮಾಡಿ. ರಬ್ಬರ್ ಕತ್ತರಿಸುವಷ್ಟು ಬಿಗಿ ಬೇಡ.

ಎಥಿಲೀನ್ ಗ್ಲೈಕಾಲ್ ಕೂಲಂಟ್ ಮತ್ತು ಡಿಸ್ಟಿಲ್ಡ್ ವಾಟರ್ ಅರ್ಧಕ್ಕರ್ಧ ಬೆರೆಸಿ. ಬೋರ್ ನೀರು, ಉಪ್ಪಿನಂಶವಿರುವ ಬಾವಿ ನೀರು ಹಾಕಲೇಬೇಡಿ. ರೇಡಿಯೇಟರ್ ಮುಚ್ಚಳ ಬದಲಿಸುವುದಾದರೆ ಹಳೆಯದರ ಮೇಲೆ ಬರೆದಿರುವ ಒತ್ತಡದ್ದನ್ನೇ ಕೊಳ್ಳಿ. 0.9 ಬಾರ್ ಒತ್ತಡವಿದ್ದರೆ ಬರೀ ನೀರೂ ಸುಮಾರು 118 ಡಿಗ್ರಿವರೆಗೆ ಕುದಿಯುವುದಿಲ್ಲ. ಸ್ಪ್ರಿಂಗ್ ಸೋತ ಮುಚ್ಚಳದಲ್ಲಿ ಈ ರಕ್ಷಣೆ ಸಿಗದು. ಎಂಜಿನ್ ತಣಿದಾಗ ಹೋಸ್ ಚಪ್ಪಟೆಯಾಗಿದ್ದರೆ ಮುಚ್ಚಳದ ಒಳಗಿನ ಪುಟ್ಟ ವಾಲ್ವ್ ಸಿಕ್ಕಿಕೊಂಡಿದೆ ಎಂದೇ ತಿಳಿಯಿರಿ.

ಪ್ರಶ್ನೆ: ವ್ಯಾನು ಕೊಟ್ಟಿಗೆ ಪಕ್ಕ ನಿಲ್ಲುತ್ತದೆ. ಇಲಿ ಹೀಟರ್ ಹೋಸ್ ಕಡಿಯುತ್ತದೆ. ಸಿಲಿಕೋನ್ ಹೋಸ್ ಹಾಕಿದರೆ ಆದೀತೇ?
– ಓದುಗರು, ಶಿರಸಿ

ಉತ್ತರ: ಇಲಿ ಹಲ್ಲಿಗೆ ಸಿಲಿಕೋನೂ ತಡೆಯಲ್ಲ. ಹಳೆಯ ಹೋಸನ್ನು ಉದ್ದಕ್ಕೆ ಸೀಳಿ ಹೊಸದರ ಮೇಲೆ ಹೊದಿಸಿ, ಅದರ ಮೇಲೆ ಸಣ್ಣ ಕಣ್ಣಿನ ಸ್ಟೇನ್‌ಲೆಸ್ ಜಾಲರಿ ಸುತ್ತಿ. ಬರೀ ಜಾಲರಿ ಸುತ್ತಿದರೆ ಅಲುಗಾಟಕ್ಕೆ ಅದೇ ರಬ್ಬರನ್ನು ಸವೆಸುತ್ತದೆ. ಬಾಡಿಗೆ ಉಜ್ಜುವ ಕಡೆಗಳಲ್ಲೂ ಇದೇ ಸೀಳಿದ ಹೋಸ್ ಸಾಕು. ಸೈಲೆನ್ಸರ್ ಪೈಪಿನ ಹತ್ತಿರ ಹಾದುಹೋಗುವಲ್ಲಿ ಶಾಖ ತಡೆಯುವ ಹೊದಿಕೆ ಬೇಕು.

ಚೆಲ್ಲಿದ ಕೂಲಂಟನ್ನು ಕೊಟ್ಟಿಗೆ ಬಳಿ ಒಂದು ತೊಟ್ಟೂ ಬಿಡಬೇಡಿ. ರುಚಿ ಸಿಹಿ, ಆದರೆ ಕಡು ವಿಷ. ನಾಯಿ, ದನ ನೆಕ್ಕಿದರೆ ಮೂತ್ರಪಿಂಡ ಕೆಟ್ಟು ಸಾಯುತ್ತವೆ. ಮಣ್ಣು ಹಾಕಿ ಹೀರಿಸಿ, ಆ ಮಣ್ಣನ್ನು ಕೂಡಲೇ ಮುಚ್ಚಳವಿರುವ ಡಬ್ಬಿಗೆ ತುಂಬಿ.