ವಿಜ್ಞಾನದ ಸಭೆಗೆ ಯಾರು ಬೇಕಾದರೂ ಹೋಗಬಹುದೇ?

ಬೆಂಗಳೂರಿನಲ್ಲಿ ಸಾರ್ವಜನಿಕರಿಗಾಗಿ ನಡೆಯುವ ವಿಜ್ಞಾನ ಉಪನ್ಯಾಸ ಮತ್ತು ಪ್ರದರ್ಶನಗಳ ಬಗ್ಗೆ ಓದುಗರು ಕೇಳಿರುವ ಪ್ರಶ್ನೆಗಳಲ್ಲಿ ಕೆಲವನ್ನು ಆರಿಸಿ ಇಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ನಾನು ಓದಿದ್ದು ಬಿ.ಕಾಂ., ದುಡಿದದ್ದು ಬ್ಯಾಂಕಿನಲ್ಲಿ. ಖಗೋಳ ಮತ್ತು ಭೌತವಿಜ್ಞಾನದಲ್ಲಿ ಚಿಕ್ಕಂದಿನಿಂದಲೂ ಆಸಕ್ತಿ. ಈಗ ಸಮಯವಿದೆ. ಆದರೆ ಇಂಥ ಉಪನ್ಯಾಸಗಳಿಗೆ ನನ್ನಂಥವರನ್ನು ಒಳಗೆ ಬಿಡುತ್ತಾರೆಯೇ? ಹೋದರೆ ಅರ್ಥವಾಗುತ್ತದೆಯೇ? ಎಲ್ಲಿಂದ ಆರಂಭಿಸಬೇಕು?
— ನಿವೃತ್ತ ಬ್ಯಾಂಕ್ ನೌಕರರು, ಜಯನಗರ

ಉತ್ತರ: ಖಂಡಿತ ಬಿಡುತ್ತಾರೆ. ಸಾರ್ವಜನಿಕ ಉಪನ್ಯಾಸ ಎಂದು ಪ್ರಕಟಿಸಿದ ಸಭೆಗಳಲ್ಲಿ ಕೇಳುಗರ ಪದವಿಯನ್ನು ಯಾರೂ ವಿಚಾರಿಸುವುದಿಲ್ಲ, ಮತ್ತು ಬಹುಪಾಲು ಸಭೆಗಳಿಗೆ ಪ್ರವೇಶ ಉಚಿತವಾಗಿರುತ್ತದೆ. ಸಂಶೋಧನಾ ಸಂಸ್ಥೆಯ ಆವರಣದೊಳಗೆ ನಡೆಯುವ ಸಭೆಯಾದರೆ ಗೇಟಿನಲ್ಲಿ ಹೆಸರು, ಫೋನ್ ಸಂಖ್ಯೆ ಬರೆಸಿಕೊಳ್ಳಬಹುದು. ಗುರುತಿನ ಚೀಟಿಯೊಂದು ಜೇಬಿನಲ್ಲಿದ್ದರೆ ಸಾಕು.

ನೀವು ಜಯನಗರದವರಾದ್ದರಿಂದ ಬಸವನಗುಡಿಯ ನ್ಯಾಷನಲ್ ಕಾಲೇಜಿನಿಂದಲೇ ಆರಂಭಿಸುವುದು ಒಳ್ಳೆಯದು. ಅಲ್ಲಿನ ಬೆಂಗಳೂರು ಸೈನ್ಸ್ ಫೋರಂ ಅನ್ನು ಎಚ್. ನರಸಿಂಹಯ್ಯನವರು 1962ರಲ್ಲಿ ಸ್ಥಾಪಿಸಿದರು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಿಂದ ಬಂದು, ಅಮೆರಿಕದ ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪರಮಾಣು ಭೌತವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದ ಮೇಲೂ ಕಾಲೇಜಿನ ಹಾಸ್ಟೆಲಿನ ಕೋಣೆಯನ್ನೇ ಮನೆ ಮಾಡಿಕೊಂಡಿದ್ದ ಮೇಷ್ಟ್ರು ಅವರು. ವಿಜ್ಞಾನ ಪ್ರಯೋಗಾಲಯದ ಗೋಡೆಯೊಳಗೆ ಉಳಿಯಬಾರದು ಎಂಬ ಅವರ ಹಟದಿಂದ ಹುಟ್ಟಿದ ಈ ವೇದಿಕೆಯ ವಾರದ ಉಪನ್ಯಾಸಗಳಿಗೆ ಬುಧವಾರದ ಸಂಜೆ ಮೀಸಲು. ಜುಲೈ ತಿಂಗಳು ಬಂತೆಂದರೆ ಅಲ್ಲಿ ವಿಜ್ಞಾನೋತ್ಸವ. ಹಸಿರು ಮಾರ್ಗದ ಮೆಟ್ರೊ ನಿಲ್ದಾಣಕ್ಕೂ ಕಾಲೇಜಿನ ಹೆಸರೇ ಇರುವುದರಿಂದ ದಾರಿ ಹುಡುಕುವ ಕಷ್ಟವಿಲ್ಲ.

ಎರಡನೆಯ ತಾಣ, ಹೈಗ್ರೌಂಡ್ಸ್‌ನಲ್ಲಿರುವ ಜವಾಹರಲಾಲ್ ನೆಹರೂ ತಾರಾಲಯ. 1989ರಲ್ಲಿ ಆರಂಭವಾದ ಈ ತಾರಾಲಯವನ್ನು ಶಾಲಾ ಮಕ್ಕಳು ಬಸ್ಸಿನಲ್ಲಿ ಬಂದು ಪ್ರದರ್ಶನ ನೋಡಿ ಹೋಗುವ ಜಾಗವೆಂದಷ್ಟೇ ಅನೇಕರು ತಿಳಿದಿದ್ದಾರೆ. ಆದರೆ ಹೆಸರಘಟ್ಟದ ಕಡೆಯಿರುವ ಅಂತರರಾಷ್ಟ್ರೀಯ ಸೈದ್ಧಾಂತಿಕ ವಿಜ್ಞಾನಗಳ ಕೇಂದ್ರ, ಅಂದರೆ ಐಸಿಟಿಎಸ್, ನಡೆಸುವ ‘ಕಾಪಿ ವಿತ್ ಕ್ಯೂರಿಯಾಸಿಟಿ’ ಮಾಲಿಕೆಯ ಹಲವು ಉಪನ್ಯಾಸಗಳು ಭಾನುವಾರದ ಮಧ್ಯಾಹ್ನಗಳಲ್ಲಿ ಇಲ್ಲಿಯೇ ನಡೆದಿವೆ. ಕಪ್ಪುಕುಳಿ, ಗುರುತ್ವ ತರಂಗ, ಗಣಿತ, ಜೀವವಿಕಾಸ, ಹೀಗೆ ವಿಷಯ ಯಾವುದಾದರೂ ಆಗಬಹುದು.

ಅರ್ಥವಾಗುತ್ತದೆಯೇ ಎಂಬ ನಿಮ್ಮ ಆತಂಕಕ್ಕೆ ಪ್ರಕಟಣೆಯನ್ನು ಸರಿಯಾಗಿ ಓದುವುದೇ ಮೊದಲ ಪರಿಹಾರ. ‘ಸೆಮಿನಾರ್’ ಎಂದಿದ್ದರೆ ಅದು ಆಯಾ ಕ್ಷೇತ್ರದವರಿಗೆ. ‘ಕಲೋಕ್ವಿಯಂ’ ಎಂದಿದ್ದರೆ ಬೇರೆ ಕ್ಷೇತ್ರದ ವಿಜ್ಞಾನಿಗಳಿಗೂ ತಿಳಿಯುವಂಥದ್ದು. ‘ಪಬ್ಲಿಕ್ ಲೆಕ್ಚರ್’ ಎಂದಿದ್ದರೆ ಮಾತ್ರ ನಿಮಗೂ ನನಗೂ. ಈ ವ್ಯತ್ಯಾಸ ಗೊತ್ತಿಲ್ಲದೆ ಮೊದಲ ಸಲವೇ ಸೆಮಿನಾರಿನಲ್ಲಿ ಕುಳಿತು, ಹಲಗೆಯ ತುಂಬ ಸಮೀಕರಣ ಕಂಡು, ಮತ್ತೆ ಆ ಕಡೆ ತಲೆ ಹಾಕದವರು ಬಹಳ ಮಂದಿ. ಸಾರ್ವಜನಿಕ ಉಪನ್ಯಾಸದಲ್ಲಿಯೂ ನಡುವೆ ಎಲ್ಲೋ ಎಳೆ ತಪ್ಪುವುದು ಸಹಜ, ಆದರೆ ಎದ್ದು ಬರಬೇಡಿ. ಕೊನೆಯ ಪ್ರಶ್ನೋತ್ತರದ ಹೊತ್ತಿಗೆ, ಕೇಳಲು ಅಂಜುತ್ತಿದ್ದ ಸರಳ ಪ್ರಶ್ನೆಯನ್ನು ಬೇರೆ ಯಾರಾದರೂ ಕೇಳಿಯೇ ಕೇಳುತ್ತಾರೆ, ಮತ್ತು ಅನೇಕ ವೇಳೆ ವಿಷಯ ಬಿಚ್ಚಿಕೊಳ್ಳುವುದು ಆಗಲೇ.

ಪ್ರಶ್ನೆ: ನನ್ನ ಮಗ ಎಂಟನೆಯ ತರಗತಿಯಲ್ಲಿದ್ದಾನೆ. ಟಾಟಾ ಇನ್‌ಸ್ಟಿಟ್ಯೂಟಿನ ‘ಓಪನ್ ಡೇ’ಗೆ ಕರೆದುಕೊಂಡು ಹೋಗು ಎಂದು ಹಟ ಹಿಡಿದಿದ್ದಾನೆ. ಅಲ್ಲಿ ಜಾತ್ರೆಯ ಜನವಂತೆ. ಹೋಗಿ ಪ್ರಯೋಜನವುಂಟೇ?
— ಗೃಹಿಣಿ, ವಿಜಯನಗರ

ಉತ್ತರ: ಪ್ರಯೋಜನವುಂಟು, ಆದರೆ ಎಲ್ಲವನ್ನೂ ನೋಡಿ ಮುಗಿಸುತ್ತೇವೆ ಎಂದು ಹೊರಡಬೇಡಿ. ಜೆಮ್ಷೆಡ್‌ಜಿ ಟಾಟಾ ಅವರ ಸಂಕಲ್ಪದಿಂದಲೂ ಮೈಸೂರು ಸಂಸ್ಥಾನ ಕೊಟ್ಟ ಭೂಮಿಯಿಂದಲೂ 1909ರಲ್ಲಿ ರೂಪುಗೊಂಡ ಭಾರತೀಯ ವಿಜ್ಞಾನ ಸಂಸ್ಥೆಯ, ಅಂದರೆ ಜನ ಕರೆಯುವ ಟಾಟಾ ಇನ್‌ಸ್ಟಿಟ್ಯೂಟಿನ, ಆವರಣ ಸುಮಾರು 400 ಎಕರೆಯಷ್ಟು ವಿಸ್ತಾರವಾಗಿದೆ. ಸಾಮಾನ್ಯವಾಗಿ ಫೆಬ್ರವರಿ ಕೊನೆಯಲ್ಲಿ ಅಥವಾ ಮಾರ್ಚ್ ಮೊದಲಲ್ಲಿ ಬರುವ ಒಂದು ಶನಿವಾರ ಅಲ್ಲಿನ ವಿಭಾಗಗಳು ಸಾರ್ವಜನಿಕರಿಗೆ ತೆರೆದಿರುತ್ತವೆ. ಸಿ.ವಿ. ರಾಮನ್ ಅವರು ಮಾಡಿದ ‘ರಾಮನ್ ಪರಿಣಾಮ’ದ ಶೋಧವನ್ನು ನೆನೆಯುವ ಫೆಬ್ರವರಿ 28ರ ರಾಷ್ಟ್ರೀಯ ವಿಜ್ಞಾನ ದಿನದ ಆಸುಪಾಸು ಇದು. ಬಿಸಿಲು ಏರುವ ಕಾಲ. ಬೇಗ ಹೊರಡಿ, ನೀರು ಮತ್ತು ಟೋಪಿ ಜೊತೆಗಿರಲಿ, ಸ್ವಂತ ವಾಹನ ಬೇಡ.

ಮೂರು ವಿಭಾಗಗಳನ್ನು ಮಗನೇ ಆರಿಸಲಿ. ಉದ್ದನೆಯ ಸರತಿ ಇರುವುದು ಹೈ ವೋಲ್ಟೇಜ್ ಪ್ರಯೋಗಾಲಯಕ್ಕೆ. ಎತ್ತರದ ಶೆಡ್ಡಿನೊಳಗೆ ಎಲ್ಲರನ್ನೂ ಬೇಲಿಯ ಆಚೆ ನಿಲ್ಲಿಸಿ, ಎಚ್ಚರಿಕೆ ಹೇಳಿ, ಲೋಹದ ಗೋಳದಿಂದ ಕಿಡಿ ಹಾರಿಸುತ್ತಾರೆ. ಬೆಳಕೂ ಸದ್ದೂ ಒಟ್ಟಿಗೇ ಬಂದೆರಗುವಾಗ ದೊಡ್ಡವರೂ ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ. ಸಿಡಿಲು ದೂರದಲ್ಲಿ ಬಿದ್ದರೆ ಮಿಂಚು ಮೊದಲು, ಗುಡುಗು ಆಮೇಲೆ. ಇಲ್ಲಿ ಎರಡೂ ಏಕೆ ಒಂದೇ ಸಲ ಎಂದು ಮಗನನ್ನು ಅಲ್ಲಿಯೇ ಕೇಳಿ. ವಿಮಾನದಂಥವುಗಳ ಮಾದರಿಯ ಮೇಲೆ ಗಾಳಿ ಹಾಯಿಸಿ ಪರೀಕ್ಷಿಸುವ, ಏರೋಸ್ಪೇಸ್ ವಿಭಾಗದ ಗಾಳಿ ಸುರಂಗ ಎರಡನೆಯದಾಗಲಿ. ಮೈನಸ್ 196 ಡಿಗ್ರಿಯ ದ್ರವ ನೈಟ್ರೋಜನ್ನಿನಲ್ಲಿ ಹೂವನ್ನು ಅದ್ದಿ ಗಾಜಿನಂತೆ ಪುಡಿ ಮಾಡುವ ಪ್ರದರ್ಶನ ಮಕ್ಕಳಿಗೆ ಬಲು ಇಷ್ಟ. ಅಲ್ಲಿ ಹೆಚ್ಚು ಹೊತ್ತು ನಿಲ್ಲದಿದ್ದರೂ ನಷ್ಟವಿಲ್ಲ, ಏಕೆಂದರೆ ಅದನ್ನು ಬೇರೆ ಕಡೆಗಳಲ್ಲಿಯೂ ತೋರಿಸುತ್ತಾರೆ. ಸಂದಣಿ ಕಡಿಮೆಯಿರುವ ಕೋಣೆಯೊಂದರಲ್ಲಿ ಭಿತ್ತಿಪತ್ರದ ಪಕ್ಕ ನಿಂತ ಸಂಶೋಧನಾ ವಿದ್ಯಾರ್ಥಿಯೊಬ್ಬರ ಜೊತೆ ಕಾಲು ಗಂಟೆ ಮಾತಾಡುವುದು, ನನ್ನ ಅಭಿಪ್ರಾಯದಲ್ಲಿ, ಎಲ್ಲ ಕಿಡಿಗಳಿಗಿಂತ ಮಿಗಿಲು.

ಅಷ್ಟು ಜನಸಂದಣಿ ಬೇಡವೆನಿಸಿದರೆ ಬಳ್ಳಾರಿ ರಸ್ತೆಯ ಕಡೆಯ ಸೈನ್ಸ್ ಗ್ಯಾಲರಿ ಬೆಂಗಳೂರು ಇದೆ. 2024ರ ಜನವರಿಯಲ್ಲಿ ತನ್ನದೇ ಕಟ್ಟಡದಲ್ಲಿ ಬಾಗಿಲು ತೆರೆದ ಈ ಸಂಸ್ಥೆ ಒಂದೊಂದು ವಿಷಯ ಹಿಡಿದು ತಿಂಗಳುಗಟ್ಟಲೆ ಪ್ರದರ್ಶನ ನಡೆಸುತ್ತದೆ. ಮೊದಲನೆಯದು ಇಂಗಾಲದ ಬಗ್ಗೆ, ಆಮೇಲೆ ಈ ನಗರದ ವಿಜ್ಞಾನದ ಇತಿಹಾಸದ ಬಗ್ಗೆ. ಅಲ್ಲಿ ವಿವರಿಸುವವರೂ ತರುಣರೇ ಆದ್ದರಿಂದ ಮಕ್ಕಳ ಸಂಕೋಚ ಬೇಗ ಕಳೆಯುತ್ತದೆ.

ಪ್ರಶ್ನೆ: ಇಷ್ಟೆಲ್ಲ ಸಭೆಗಳು ನಡೆಯುವುದು ಕರ್ನಾಟಕದ ರಾಜಧಾನಿಯಲ್ಲಿ. ಆದರೂ ಕನ್ನಡದಲ್ಲಿ ಏಕಿಲ್ಲ? ನಮ್ಮ ಸರ್ಕಾರಿ ಶಾಲೆಯ ಮಕ್ಕಳನ್ನು ಕರೆತಂದರೆ ಅವರು ಏನು ಕೇಳಿಸಿಕೊಳ್ಳಬೇಕು?
— ಪ್ರೌಢಶಾಲಾ ಶಿಕ್ಷಕಿ, ನೆಲಮಂಗಲ

ಉತ್ತರ: ನಿಮ್ಮ ಆಕ್ಷೇಪ ನ್ಯಾಯವಾದದ್ದು. ಕನ್ನಡದಲ್ಲಿ ಏನೂ ಇಲ್ಲವೆನ್ನಲಾಗದು. ತಾರಾಲಯದ ಆಕಾಶಮಂದಿರದಲ್ಲಿ ಕನ್ನಡದ ಪ್ರದರ್ಶನಗಳುಂಟು. 1980ರಲ್ಲಿ ಸ್ಥಾಪನೆಯಾದ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ಕೆಲಸ ಮಾಡುವುದೇ ಕನ್ನಡದಲ್ಲಿ, ಮತ್ತು ಅದರ ‘ಬಾಲವಿಜ್ಞಾನ’ ಮಾಸಪತ್ರಿಕೆಯನ್ನು ಓದಿ ಬೆಳೆದ ತಲೆಮಾರೇ ಇದೆ. ಆದರೆ ಸಂಶೋಧನಾ ಸಂಸ್ಥೆಗಳ ಸಾರ್ವಜನಿಕ ಉಪನ್ಯಾಸಗಳಲ್ಲಿ ಬಹುಪಾಲು ಇಂಗ್ಲಿಷಿನಲ್ಲಿಯೇ ನಡೆಯುತ್ತವೆ ಎಂಬುದನ್ನು ಮುಚ್ಚಿಡಬೇಕಾಗಿಲ್ಲ.

ಇದಕ್ಕೆ ಕೊಡುವ ಮೊದಲ ಕಾರಣ, ವಿಜ್ಞಾನಿಗಳು ದೇಶದ ಎಲ್ಲೆಡೆಯಿಂದ ಬಂದವರು ಎಂಬುದು. ಇದು ನಿಜವಾದರೂ ಅರ್ಧ ನಿಜ. ಕನ್ನಡ ಬಲ್ಲ ವಿಜ್ಞಾನಿಗಳೂ ವೇದಿಕೆ ಹತ್ತಿದೊಡನೆ ಇಂಗ್ಲಿಷಿಗೆ ಹೊರಳುತ್ತಾರೆ, ಏಕೆಂದರೆ ತಮ್ಮ ಕೆಲಸವನ್ನು ಕನ್ನಡದಲ್ಲಿ ಹೇಳುವ ಅಭ್ಯಾಸ ಅವರಿಗೆ ತಪ್ಪಿಹೋಗಿರುತ್ತದೆ. ಪರಿಭಾಷೆ ಇಲ್ಲವೆಂಬುದು ನೆಪ. ಗುರುತ್ವ, ಪರಮಾಣು, ಜೀವಕೋಶ, ಜ್ಯೋತಿರ್ವರ್ಷಗಳೆಲ್ಲ ನಿಮ್ಮ ಮಕ್ಕಳ ಪಠ್ಯಪುಸ್ತಕದಲ್ಲಿಯೇ ಇವೆ. ಲೇಸರ್, ಪ್ರೋಟೀನ್, ಕ್ವಾಂಟಂಗಳನ್ನು ಹಾಗೆಯೇ ಹೇಳಿದರೆ ಕನ್ನಡವೇನೂ ಕೆಡುವುದಿಲ್ಲ. ಈ ಕೆಲಸ ಹೊಸದೂ ಅಲ್ಲ. ಸೆಂಟ್ರಲ್ ಕಾಲೇಜಿನಲ್ಲಿ ಭೌತವಿಜ್ಞಾನ ಕಲಿಸುತ್ತಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು ನಂಗಪುರಂ ವೆಂಕಟೇಶ ಅಯ್ಯಂಗಾರರೊಡನೆ ಸೇರಿ ‘ವಿಜ್ಞಾನ’ ಎಂಬ ಕನ್ನಡ ಮಾಸಪತ್ರಿಕೆಯನ್ನು ಹೊರಡಿಸಿದ್ದು 1918ರಲ್ಲಿ. ಆಗ ಪಾರಿಭಾಷಿಕ ಕೋಶಗಳೂ ಇರಲಿಲ್ಲ, ಗಣಕವೂ ಇರಲಿಲ್ಲ.

ನೀವು ಮಾಡಬಹುದಾದದ್ದು ಎರಡು. ಸಭೆಗೆ ಬಂದಾಗ ಮಕ್ಕಳು ಪ್ರಶ್ನೆಯನ್ನು ಕನ್ನಡದಲ್ಲಿಯೇ ಕೇಳಲಿ; ಉಪನ್ಯಾಸಕರಿಗೆ ತಿಳಿಯದಿದ್ದರೆ ಸಭೆಯಲ್ಲಿ ಒಬ್ಬರಾದರೂ ಅನುವಾದಿಸುತ್ತಾರೆ, ಮತ್ತು ಇಂಥ ಕೇಳುಗರೂ ಇದ್ದಾರೆಂಬುದು ಸಂಘಟಕರ ಗಮನಕ್ಕೆ ಬರುತ್ತದೆ. ಇನ್ನೊಂದು, ನಿಮ್ಮ ತಾಲ್ಲೂಕಿನ ಒಂದಷ್ಟು ಶಾಲೆಗಳು ಒಟ್ಟಾಗಿ ಸಂಸ್ಥೆಗಳಿಗೆ ಪತ್ರ ಬರೆಯುವುದು. ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರವೂ ಸೇರಿದಂತೆ ಹಲವು ಸಂಸ್ಥೆಗಳಲ್ಲಿ ಶಾಲಾ ವಿದ್ಯಾರ್ಥಿಗಳಿಗಾಗಿಯೇ ಕಾರ್ಯಕ್ರಮಗಳಿವೆ. ‘ಕನ್ನಡದಲ್ಲಿ ಮಾತಾಡಬಲ್ಲವರು ಬೇಕು’ ಎಂದು ಪತ್ರದಲ್ಲಿ ಸ್ಪಷ್ಟವಾಗಿ ಬರೆಯಿರಿ. ಕೇಳದಿದ್ದರೆ ಯಾರೂ ತಾವಾಗಿ ಒದಗಿಸುವುದಿಲ್ಲ.

ಪ್ರಶ್ನೆ: ಶೂನ್ಯ ನೆರಳಿನ ದಿನ, ಅಂದರೆ ನಡುಹಗಲಲ್ಲಿ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬಂದು ನೆಟ್ಟಗೆ ನಿಂತ ವಸ್ತುವಿನ ನೆರಳು ಕಾಣದಾಗುವ ದಿನ, ಎಂದು ಪತ್ರಿಕೆಯಲ್ಲಿ ಓದಿ, ಮನೆಯ ಟೆರೇಸಿನ ಮೇಲೆ ಲೋಟವನ್ನು ಬೋರಲು ಹಾಕಿ ನೋಡಿದೆವು. ನೆರಳು ಮಾಯವಾಯಿತು. ಆದರೆ ಐದಾರು ದಿನ ಬಿಟ್ಟು ನೋಡಿದಾಗಲೂ ಮಾಯವಾಯಿತು! ಇದರಲ್ಲಿ ವಿಶೇಷವೇನು?
— ಎಂಜಿನಿಯರಿಂಗ್ ವಿದ್ಯಾರ್ಥಿ, ಕೋರಮಂಗಲ

ಉತ್ತರ: ತಪ್ಪು ನಿಮ್ಮ ಲೋಟದ್ದು. ಲೋಟದ ಬಾಯಿ ಅಗಲ, ತಳ ಕಿರಿದು. ಬೋರಲು ಹಾಕಿದಾಗ ಅದರ ಮೈ ಇಳಿಜಾರಾಗುವುದರಿಂದ, ಸೂರ್ಯ ನೆತ್ತಿಯಿಂದ ಕೆಲವು ಡಿಗ್ರಿ ಸರಿದಿದ್ದರೂ ನೆರಳು ಹೊರಗೆ ಚಾಚಿಕೊಳ್ಳುವುದಿಲ್ಲ. ನೇರ ಮೈಯ ಪಿವಿಸಿ ಕೊಳವೆಯ ತುಂಡನ್ನು ಇಟ್ಟು ನೋಡಿ. ಟೆರೇಸನ್ನೂ ನಂಬಬೇಡಿ, ಮಳೆನೀರು ಹರಿಯಲೆಂದು ಅದಕ್ಕೆ ವಾಟ ಕೊಟ್ಟಿರುತ್ತಾರೆ. ಗಾರೆಯವರ ರಸಮಟ್ಟ ಇಟ್ಟು ಹಲಗೆಯೊಂದನ್ನು ಸಮ ಮಾಡಿಕೊಂಡು ಅದರ ಮೇಲೆ ಕೊಳವೆ ನಿಲ್ಲಿಸಬೇಕು. ಇಷ್ಟೆಲ್ಲ ಮಾಡಿದರೂ ಹಿಂದಿನ ಮುಂದಿನ ದಿನಗಳಲ್ಲಿ ನೆರಳು ಇಲ್ಲದಂತೆಯೇ ಕಾಣುವುದು ಸಹಜ, ಏಕೆಂದರೆ ಆ ದಿನಗಳಲ್ಲಿ ಸೂರ್ಯ ಉತ್ತರ ದಕ್ಷಿಣವಾಗಿ ಸರಿಯುವುದು ದಿನಕ್ಕೆ ಡಿಗ್ರಿಯ ಮೂರನೆಯ ಒಂದು ಭಾಗದಷ್ಟು ಮಾತ್ರ, ಸೂರ್ಯಬಿಂಬದ ಅಗಲವೇ ಅರ್ಧ ಡಿಗ್ರಿ.

ಬೆಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವುದರಿಂದ ಇಲ್ಲಿ ಈ ದಿನ ಏಪ್ರಿಲ್ 24 ಅಥವಾ 25ರಂದು, ಮತ್ತೆ ಆಗಸ್ಟ್ 18ರ ಸುಮಾರಿಗೆ ಬರುತ್ತದೆ. ಸಮಯ ಮಾತ್ರ ಹನ್ನೆರಡು ಗಂಟೆಯಲ್ಲ: ಏಪ್ರಿಲ್‌ನಲ್ಲಿ 12 ಗಂಟೆ 18 ನಿಮಿಷದ ಸುಮಾರು, ಆಗಸ್ಟ್‌ನಲ್ಲಿ 12 ಗಂಟೆ 24 ನಿಮಿಷದ ಸುಮಾರು. ನಮ್ಮ ಗಡಿಯಾರ 82.5 ಡಿಗ್ರಿ ರೇಖಾಂಶವನ್ನು ಅನುಸರಿಸುತ್ತದೆ, ನಾವು ಅದಕ್ಕಿಂತ ಪಶ್ಚಿಮಕ್ಕಿದ್ದೇವೆ, ಆದ್ದರಿಂದ ಸೂರ್ಯ ನಮ್ಮ ನೆತ್ತಿಗೆ ತಡವಾಗಿ ಬರುತ್ತಾನೆ. ಎರಡು ತಿಂಗಳುಗಳ ನಡುವಿನ ವ್ಯತ್ಯಾಸಕ್ಕೆ ಭೂಮಿಯ ಕಕ್ಷೆ ಮತ್ತು ಅದರ ಅಕ್ಷದ ಓರೆ ಕಾರಣ. ನಿಮ್ಮ ಕೋರಮಂಗಲದಲ್ಲಿಯೇ ಭಾರತೀಯ ಖಭೌತವಿಜ್ಞಾನ ಸಂಸ್ಥೆಯಿದೆ. ಈ ದಿನ ಅಲ್ಲಿ ಸಾರ್ವಜನಿಕರಿಗಾಗಿ ಪ್ರಾತ್ಯಕ್ಷಿಕೆ ನಡೆಸುವುದುಂಟು; ಕೊಳವೆ ಹಿಡಿದು ಅಲ್ಲಿಗೇ ಹೋಗಿ.

ಪ್ರಶ್ನೆ: ನಮ್ಮ ಬಡಾವಣೆಯ ಸಮುದಾಯ ಭವನದಲ್ಲಿ ‘ಕ್ವಾಂಟಂ ವಿಜ್ಞಾನದಿಂದ ಸಂಪೂರ್ಣ ಆರೋಗ್ಯ’ ಎಂಬ ಉಚಿತ ಉಪನ್ಯಾಸವಿದೆ. ಹೋಗಬಹುದೇ?
— ಓದುಗರೊಬ್ಬರು, ರಾಜಾಜಿನಗರ

ಉತ್ತರ: ಹೋಗಿ, ಆದರೆ ಹಣ ಮನೆಯಲ್ಲಿ ಬಿಟ್ಟು ಹೋಗಿ. ಉಪನ್ಯಾಸದ ಕೊನೆಗೆ ಪ್ರಶ್ನೆಗಳಿಗೆ ಸಮಯ ಕೊಡುತ್ತಾರೋ, ಉಪಕರಣ ಮಾರಾಟದ ಮೇಜು ತೆರೆಯುತ್ತಾರೋ ನೋಡಿಕೊಳ್ಳಿ. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷಿಸಲು ಸಮಿತಿಯನ್ನೇ ರಚಿಸಿದ್ದರು. ಅಂಥ ಸಮಿತಿ ನಿಮ್ಮ ಬಡಾವಣೆಗೆ ಬೇಕಾಗಿಲ್ಲ. ‘ಇದನ್ನು ಯಾರು ಪರೀಕ್ಷಿಸಿದ್ದಾರೆ, ಎಲ್ಲಿ ಪ್ರಕಟವಾಗಿದೆ, ಇದು ಸುಳ್ಳಾಗಿದ್ದರೆ ಹೇಗೆ ಗೊತ್ತಾಗುತ್ತದೆ’ ಎಂಬ ಮೂರು ಪ್ರಶ್ನೆಗಳನ್ನು ಎದ್ದು ನಿಂತು ಕೇಳಿದರೆ ಸಾಕು.

ಪ್ರಶ್ನೆ: ಎಲ್ಲವೂ ಯೂಟ್ಯೂಬಿನಲ್ಲಿ ಸಿಗುವಾಗ ಟ್ರಾಫಿಕ್ಕಿನಲ್ಲಿ ಎರಡು ಗಂಟೆ ಕಳೆದು ಹೋಗಬೇಕೇಕೆ?
— ಸಾಫ್ಟ್‌ವೇರ್ ಉದ್ಯೋಗಿ, ವೈಟ್‌ಫೀಲ್ಡ್

ಉತ್ತರ: ವೈಟ್‌ಫೀಲ್ಡಿನಿಂದ ಹೊರಡಬೇಕಾದವರಿಗೆ ಹೋಗಲೇಬೇಕು ಎನ್ನುವ ಧೈರ್ಯ ನನಗಿಲ್ಲ. ಐಸಿಟಿಎಸ್‌ನ ಉಪನ್ಯಾಸಗಳು ಅಂತರ್ಜಾಲದಲ್ಲಿ ಚೆನ್ನಾಗಿಯೇ ಸಿಗುತ್ತವೆ. ಆದರೆ ಸಭೆ ಮುಗಿದ ಮೇಲೆ ಉಪನ್ಯಾಸಕರ ಸುತ್ತ ಹತ್ತು ಹದಿನೈದು ಜನ ನಿಂತು ಕೇಳುವ ಪ್ರಶ್ನೆಗಳು ದಾಖಲಾಗುವುದಿಲ್ಲ. ಕಬ್ಬನ್ ಪಾರ್ಕ್ ನಿಲ್ದಾಣದವರೆಗೆ ನೇರಳೆ ಮಾರ್ಗದ ಮೆಟ್ರೊ ಇದೆ. ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯ ಅಲ್ಲಿಂದ ನಡೆದು ಹೋಗುವಷ್ಟು ದೂರ, ತಾರಾಲಯಕ್ಕೆ ಆಟೊ ಹಿಡಿಯಬಹುದು. ವಿಷಯ ನಿಮಗೆ ಬಹಳ ಇಷ್ಟವಾದ ದಿನ ಮಾತ್ರ ಬನ್ನಿ.

ಪ್ರಶ್ನೆ: ಬೆಂಗಳೂರಿನವರಿಗೆ ಇಷ್ಟೆಲ್ಲ ಇದೆ. ಕಲಬುರಗಿಯವರಾದ ನಾವು ಏನು ಮಾಡಬೇಕು?
— ಪದವಿ ವಿದ್ಯಾರ್ಥಿನಿ, ಕಲಬುರಗಿ

ಉತ್ತರ: ನಿಮ್ಮ ಊರಿನಲ್ಲಿಯೇ 1984ರಿಂದ ಜಿಲ್ಲಾ ವಿಜ್ಞಾನ ಕೇಂದ್ರವಿದೆ, ಧಾರವಾಡದಲ್ಲಿ ಪ್ರಾದೇಶಿಕ ವಿಜ್ಞಾನ ಕೇಂದ್ರ, ಮಂಗಳೂರಿನ ಪಿಲಿಕುಳದಲ್ಲಿ ವಿಜ್ಞಾನ ಕೇಂದ್ರದ ಜೊತೆಗೆ ತಾರಾಲಯವೂ ಇದೆ. ಉಪನ್ಯಾಸಗಳ ಸಂಖ್ಯೆಯಲ್ಲಿ ಬೆಂಗಳೂರಿಗೆ ಸಮವಿಲ್ಲ ಎಂಬುದು ನಿಜ, ಮತ್ತು ಅದು ಹಾಗಿರಬೇಕಾಗಿಲ್ಲ. ನಿಮ್ಮ ಕಾಲೇಜಿನ ವಿಜ್ಞಾನ ಸಂಘ ತಿಂಗಳಿಗೊಂದು ಸಂಜೆ ಗೊತ್ತು ಮಾಡಿ, ಆಹ್ವಾನದ ಪತ್ರವನ್ನು ಎರಡು ಮೂರು ತಿಂಗಳು ಮೊದಲೇ ಕಳಿಸಿದರೆ, ಪ್ರಯಾಣ ಮತ್ತು ವಸತಿಯ ಏರ್ಪಾಟು ಸ್ಪಷ್ಟವಾಗಿದ್ದಲ್ಲಿ ಬರಲು ಒಪ್ಪುವ ವಿಜ್ಞಾನಿಗಳು ಸಿಗುತ್ತಾರೆ. ಶೂನ್ಯ ನೆರಳಿನ ದಿನ ನಿಮ್ಮಲ್ಲಿ ಮೇ ಎರಡನೆಯ ವಾರದಲ್ಲಿಯೂ ಆಗಸ್ಟ್ ಮೊದಲ ವಾರದಲ್ಲಿಯೂ ಬರುತ್ತದೆ. ಮೇ ತಿಂಗಳಲ್ಲಿ ಕಾಲೇಜಿಗೆ ರಜೆಯಿದ್ದರೆ ಆಗಸ್ಟಿನದನ್ನೇ ಇಟ್ಟುಕೊಳ್ಳಿ, ಆದರೆ ಆಗ ಮೋಡ ಕವಿದಿರುವ ಸಂಭವ ಹೆಚ್ಚು.