ಖಾಲಿ ಪ್ಯಾಡಿನ ಕಥೆಯನ್ನು ನಂಬಬಹುದೇ?

ಪ್ರಶ್ನೆ: ಗಾಯಕ ಬಾಬ್ ಡಿಲನ್ ಕುರಿತ ‘ಡೋಂಟ್ ಲುಕ್ ಬ್ಯಾಕ್’ ಸಾಕ್ಷ್ಯಚಿತ್ರದ ನಿರ್ದೇಶಕ ಡಿ.ಎ. ಪೆನ್ನೆಬೇಕರ್ ಅವರ ಹಳೆಯ ಸಂದರ್ಶನವೊಂದನ್ನು ಮೊನ್ನೆ ಮತ್ತೆ ಓದಿದೆ. ಚಿತ್ರವನ್ನು ಮೊದಲ ಸಲ ನೋಡಿದ ಡಿಲನ್, ಬದಲಾಯಿಸಬೇಕಾದದ್ದು ಬಹಳ ಇದೆ ಎಂದು ಮರುದಿನ ರಾತ್ರಿ ಪ್ಯಾಡ್ ಹಿಡಿದು ಕೂತರಂತೆ; ಚಿತ್ರ ಮುಗಿದಾಗ ಅದರಲ್ಲಿ ಒಂದಕ್ಷರವೂ ಇರಲಿಲ್ಲವಂತೆ. ತಾವು ಯಾರಿಗೂ ಏನನ್ನೂ ಮಾಡಲು ಹೇಳದೆ ಕೇವಲ ನೋಡುತ್ತಿದ್ದುದಾಗಿಯೂ ನಿರ್ದೇಶಕರು ಹೇಳಿದ್ದಾರೆ. ಇವನ್ನು ನಂಬಬಹುದೇ?
– ಓದುಗರೊಬ್ಬರು, ಧಾರವಾಡ

ಉತ್ತರ: ಮೊದಲನೆಯದನ್ನು ನಾನು ನಂಬುತ್ತೇನೆ. 2019ರಲ್ಲಿ ತೀರಿಕೊಂಡ ಪೆನ್ನೆಬೇಕರ್ ಈ ಪ್ರಸಂಗವನ್ನು ಹಲವು ಸಂದರ್ಶನಗಳಲ್ಲಿ ಹೇಳಿದ್ದರು. ಹೇಳಿ ಹೇಳಿ ಅದಕ್ಕೆ ಸ್ವಲ್ಪ ಹೊಳಪು ಬಂದಿರಲೂಬಹುದು. ಆದರೆ ಅದರ ತಿರುಳಿಗೆ ಚಿತ್ರವೇ ಸಾಕ್ಷಿ. ಹೋಟೆಲಿನಿಂದ ಬೀದಿಗೆ ಗಾಜು ಎಸೆದವರಾರೆಂದು ಸಿಟ್ಟಿನಿಂದ ಕೂಗಾಡುವ, ‘ಟೈಮ್’ ಪತ್ರಿಕೆಯ ವರದಿಗಾರನನ್ನು ಮಾತಿನಲ್ಲೇ ಹಣಿಯುವ, ಇನ್ನೂ 24 ತುಂಬದ ಆ ಹುಡುಗನ ಒರಟುತನವೆಲ್ಲ 1967ರಲ್ಲಿ ತೆರೆಕಂಡ ಚಿತ್ರದಲ್ಲಿ ಹಾಗೆಯೇ ಉಳಿದಿದೆ. ತನ್ನ ಹೆಸರನ್ನು ಕಾಪಾಡಿಕೊಳ್ಳಲು ಪಟ್ಟಿ ಮಾಡಿದ್ದವನಾದರೆ ಮೊದಲು ಕತ್ತರಿ ಬೀಳಬೇಕಿದ್ದದ್ದು ಈ ದೃಶ್ಯಗಳಿಗೇ.

ಎರಡನೆಯ ಮಾತನ್ನು ಅರ್ಧದಷ್ಟೇ ಒಪ್ಪಬಲ್ಲೆ. 1965ರ ಏಪ್ರಿಲ್ ಕೊನೆಯಲ್ಲಿ ಆರಂಭವಾದ, ಈ ಚಿತ್ರದ ವಸ್ತುವಾದ ಡಿಲನ್ನರ ಇಂಗ್ಲೆಂಡ್ ಗಾಯನ ಪ್ರವಾಸದುದ್ದಕ್ಕೂ ಪೆನ್ನೆಬೇಕರ್ ಹೆಗಲ ಮೇಲೆ 16 ಎಂ.ಎಂ. ಕ್ಯಾಮೆರಾ ಹೊತ್ತು, ದೀಪ, ಸ್ಟ್ಯಾಂಡುಗಳ ಗೊಡವೆಯಿಲ್ಲದೆ ಕೋಣೆಯ ಮೂಲೆಯಲ್ಲಿ ನಿಲ್ಲುತ್ತಿದ್ದರು. ಜೋನ್ಸ್ ಆಲ್ಕ್ ಬೇರೆ ಯಂತ್ರದಲ್ಲಿ ಧ್ವನಿ ಮುದ್ರಿಸಿಕೊಳ್ಳುತ್ತಿದ್ದರು. ಆ ಮಟ್ಟಿಗೆ ಅವರು ನೋಡುಗರೇ ಸರಿ. ಆದರೆ ಲಂಡನ್ನಿನ ಸವಾಯ್ ಹೋಟೆಲಿನ ಹಿಂದಿನ ಓಣಿಯಲ್ಲಿ ಡಿಲನ್ ಹಾಡಿನ ಪದಗಳಿರುವ ದೊಡ್ಡ ರಟ್ಟಿನ ಹಾಳೆಗಳನ್ನು ಒಂದೊಂದಾಗಿ ಕೆಳಗೆ ಬಿಡುತ್ತಾ ನಿಂತಿರುವ, ಹಿಂದೆ ಕವಿ ಅಲೆನ್ ಗಿನ್ಸ್‌ಬರ್ಗ್ ಕಾಣಿಸುವ ಆರಂಭದ ದೃಶ್ಯ ತಾನಾಗಿ ನಡೆದದ್ದಲ್ಲ. ಅದು ಡಿಲನ್ನರದೇ ಉಪಾಯ ಎಂದು ಪೆನ್ನೆಬೇಕರ್ ಅವರೇ ಹೇಳಿದ್ದಾರೆ.

ಇದಕ್ಕಿಂತ ಮುಖ್ಯವಾದದ್ದು ಸಂಕಲನ. ಬಿಬಿಸಿಯ ಆಫ್ರಿಕಾ ಸೇವೆಯ ಸಂದರ್ಶಕ, ನಿಮಗೆ ಇದೆಲ್ಲ ಶುರುವಾದದ್ದು ಹೇಗೆ ಎಂದು ಡಿಲನ್ನರನ್ನು ಕೇಳುತ್ತಾನೆ. ಉತ್ತರ ಬರುವ ಮೊದಲೇ ಚಿತ್ರ ಇಂಗ್ಲೆಂಡನ್ನು ಬಿಟ್ಟು ಅಮೆರಿಕದ ಮಿಸಿಸಿಪಿಯ ಗ್ರೀನ್‌ವುಡ್ ಬಳಿಯ ಹೊಲವೊಂದಕ್ಕೆ ಹಾರುತ್ತದೆ. ಅದು 1963ರ ಜುಲೈ. ಕರಿಯ ಜನರನ್ನು ಮತದಾರರ ಪಟ್ಟಿಗೆ ಸೇರಿಸಲು ನಡೆದ ಸಭೆಯಲ್ಲಿ ಡಿಲನ್, ಹಿಂದಿನ ತಿಂಗಳಷ್ಟೇ ಗುಂಡಿಗೆ ಬಲಿಯಾಗಿದ್ದ ಹೋರಾಟಗಾರ ಮೆಡ್ಗರ್ ಎವರ್ಸ್ ಅವರ ಕೊಲೆಯ ಕುರಿತು ಹಾಡುತ್ತಿದ್ದಾರೆ. ಈ ತುಣುಕನ್ನು ಚಿತ್ರೀಕರಿಸಿದವರು ಪೆನ್ನೆಬೇಕರ್ ಅಲ್ಲ, ಎಡ್ ಎಮ್ಶ್‌ವಿಲರ್ ಎಂಬ ಮತ್ತೊಬ್ಬ ನಿರ್ದೇಶಕರು. ಬೇರೊಬ್ಬರು ಎರಡು ವರ್ಷ ಮೊದಲು ತೆಗೆದದ್ದನ್ನು ತಂದು ಸರಿಯಾಗಿ ಆ ಪ್ರಶ್ನೆಯ ಬೆನ್ನಿಗೆ ಕೂರಿಸಿದವರನ್ನು ಕೇವಲ ನೋಡುಗರೆಂದು ಕರೆಯಲು ನನಗೆ ಮನಸ್ಸಾಗುವುದಿಲ್ಲ. ಇಡೀ ಚಿತ್ರದಲ್ಲಿ ನನಗೆ ಅತ್ಯಂತ ಪ್ರಿಯವಾದ ಜಾಗವೂ ಅದೇ. ಡಿಲನ್ ಬದಲು ಅಲ್ಲಿ ಉತ್ತರ ಕೊಟ್ಟವರು ನಿರ್ದೇಶಕರು. ಮುಂದಿನ ಸಲ ಸಂದರ್ಶನವನ್ನು ತೆರೆಯುವ ಮೊದಲು ದಯವಿಟ್ಟು ಆ ದೃಶ್ಯವನ್ನೊಮ್ಮೆ ನೋಡಿ.