ಕನ್ನಡ ನಿಲ್ಲಿಸಿದರೆ ಮಗು ಬೇಗ ಮಾತಾಡುತ್ತಾ?

ಹೊರದೇಶದಲ್ಲಿರುವ ಅಪ್ಪ ಅಮ್ಮಂದಿರ ಪತ್ರಗಳಲ್ಲಿ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಮಾತು ಮತ್ತು ಭಾಷೆಯ ಚಿಕಿತ್ಸೆ ಮಾಡುವವಳಾಗಿ ನನಗೆ ಇದು ಬೇಸರಕ್ಕಿಂತ ಜಾಸ್ತಿ ಸಂಕಟ ತರುತ್ತದೆ. ಪತ್ರ ಬರೆಯುವ ಹೊತ್ತಿಗೆ ಬಹಳಷ್ಟು ಮನೆಗಳಲ್ಲಿ ಕನ್ನಡ ನಿಂತೇ ಹೋಗಿರುತ್ತದೆ. ಅದಕ್ಕೇ ಈ ಸಲ ಆ ಪ್ರಶ್ನೆಗೆ ಪೂರ್ತಿ ಉತ್ತರ, ಉಳಿದವಕ್ಕೆ ಚುಟುಕಾಗಿ.

ಪ್ರಶ್ನೆ: ನಾವು ಫ್ರಾಂಕ್‌ಫರ್ಟ್‌ನಲ್ಲಿದ್ದೇವೆ. ಮಗನಿಗೆ ಎರಡೂವರೆ ವರ್ಷ. ಮನೆಯಲ್ಲಿ ಕನ್ನಡ, ಕೀಟಾದಲ್ಲಿ (ಇಲ್ಲಿನ ಶಿಶುವಿಹಾರ) ಜರ್ಮನ್. ಹತ್ತು ಹನ್ನೆರಡು ಪದ ಬಿಟ್ಟರೆ ಮಾತಿಲ್ಲ. ‘ಮನೆಯಲ್ಲೂ ಜರ್ಮನ್ ಮಾತಾಡಿ’ ಅಂತ ಟೀಚರ್ ಹೇಳಿದರು. ಊರಿನವರೂ ಎರಡು ಭಾಷೆಯಿಂದ ಗೊಂದಲ ಅಂತಾರೆ. ಎರಡು ತಿಂಗಳಿಂದ ಕನ್ನಡ ಬಿಟ್ಟಿದ್ದೇವೆ. ಸರೀನಾ?

ಇಲ್ಲ. ಇವತ್ತು ಸಂಜೆಯಿಂದಲೇ ಮತ್ತೆ ಶುರು ಮಾಡಿ.

ಎರಡು ಭಾಷೆ ಕೇಳಿ ಬೆಳೆಯುವುದರಿಂದ ಮಾತು ನಿಲ್ಲುವುದಿಲ್ಲ. ಡೌನ್ ಸಿಂಡ್ರೋಮ್ ಇರುವ ಮಕ್ಕಳು, ಆಟಿಸಂ ಇರುವ ಮಕ್ಕಳು ಕೂಡ ಎರಡು ಭಾಷೆ ಕಲಿಯುತ್ತಾರೆ. ಈ ‘ಗೊಂದಲ’ದ ಭಯ ಹಳೆಯದು. 1923ರಲ್ಲಿ ವೇಲ್ಸ್‌ನ ಮಕ್ಕಳನ್ನು ಪರೀಕ್ಷೆ ಮಾಡಿ, ಹಳ್ಳಿ ಕಡೆ ಎರಡು ಭಾಷೆ ಆಡುವವರು ಬುದ್ಧಿಯಲ್ಲಿ ಹಿಂದೆ ಅಂತ ಬರೆದರು. 1962ರಲ್ಲಿ ಮಾಂಟ್ರಿಯಲ್‌ನ ಸಂಶೋಧಕರಾದ ಪೀಲ್ ಮತ್ತು ಲ್ಯಾಂಬರ್ಟ್ ಒಂದೇ ತರಹದ ಮನೆಗಳ ಮಕ್ಕಳನ್ನು ಹೋಲಿಸಿದಾಗ ಎರಡು ಭಾಷೆಯ ಮಕ್ಕಳೇ ಮುಂದಿದ್ದರು. ಅದಾಗಿ ಅರುವತ್ತು ವರ್ಷ ದಾಟಿತು. ಇನ್ನೂ ಹಳೇ ಮಾತನ್ನೇ ಹೇಳಿ ಮನೆಭಾಷೆ ಬಿಡಿಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಹಾಗಂತ ನಿಮ್ಮ ಮಗನ ಮಾತು ತಡವಾಗಿಲ್ಲ ಅಂತ ನಾನು ಹೇಳುತ್ತಿಲ್ಲ. ತಡವಾಗಿದೆ. ಎರಡು ವರ್ಷ ತುಂಬುವ ಹೊತ್ತಿಗೆ ಸುಮಾರು ಐವತ್ತು ಪದ ಇರಬೇಕು. ‘ಅಮ್ಮ ಬಾ’, ‘ಇನ್ನೂ ಬೇಕು’ ಅಂತ ಎರಡೆರಡು ಪದ ಜೋಡಿಸುತ್ತಿರಬೇಕು. ಎಲ್ಲ ಭಾಷೆಯ ಪದಗಳನ್ನೂ ಕೂಡಿಸಿ ಈ ಲೆಕ್ಕ ಹಾಕಬೇಕು. ‘ನೀರು’ ಒಂದು, ಅದಕ್ಕೇ ಜರ್ಮನ್‌ನಲ್ಲಿ ಅನ್ನುವ ‘ವಾಸರ್’ ಇನ್ನೊಂದು. ‘ಮಮ್ಮು’, ‘ಟಾಟಾ’, ‘ಭೌಭೌ’ ಎಲ್ಲವೂ ಪದಗಳೇ. ಒಂದು ವಾರ ಚೀಟಿಯಲ್ಲಿ ಬರೆದಿಡಿ. ಜರ್ಮನ್ ಮಾತ್ರ ಬಲ್ಲ ತಜ್ಞರಿಗೆ ನಿಮ್ಮ ಮಗನ ಅರ್ಧ ಮಾತು ಕಾಣಿಸುವುದೇ ಇಲ್ಲ. ಆ ಚೀಟಿ ಅವರ ಕೈಗೆ ಹೋಗಬೇಕು.

ಮೊದಲು ಕಿವಿ ಪರೀಕ್ಷೆ. ಕೀಟಾಕ್ಕೆ ಸೇರಿದ ಮೇಲೆ ಶೀತ ತಪ್ಪುವುದಿಲ್ಲ. ಶೀತದಿಂದ ಎಷ್ಟೋ ಮಕ್ಕಳಿಗೆ ಕಿವಿಯ ಪರದೆಯ ಹಿಂದೆ ನೀರು ನಿಲ್ಲುತ್ತದೆ. ನೋವಿಲ್ಲ, ಜ್ವರವಿಲ್ಲ. ಬಾಗಿಲು ಬಡಿದರೆ ತಿರುಗಿ ನೋಡುತ್ತಾನೆ, ಆದರೆ ಮೆಲ್ಲಗಿನ ಮಾತು ಮಸುಕಾಗಿ ಕೇಳುತ್ತದೆ. ಚಪ್ಪಾಳೆ ತಟ್ಟಿ ‘ಕಿವಿ ಚೆನ್ನಾಗಿದೆ’ ಅಂದುಕೊಳ್ಳಬೇಡಿ. ಜರ್ಮನಿಯಲ್ಲಿ ಎರಡು ವರ್ಷದ ಆಸುಪಾಸಿನ ‘ಯು7’ ತಪಾಸಣೆ ನಿಮಗೆ ಮುಗಿದಿದೆ. ಮುಂದಿನ ‘ಯು7ಎ’ 34ರಿಂದ 36 ತಿಂಗಳಿಗೆ. ಅಲ್ಲಿಯವರೆಗೆ ಕಾಯಬೇಡಿ. ಮಕ್ಕಳ ಡಾಕ್ಟರಿಗೆ ಈಗಲೇ ಫೋನ್ ಮಾಡಿ, ಕಿವಿ ಪರೀಕ್ಷೆಗೂ ಮಾತಿನ ತಪಾಸಣೆಗೂ ಶಿಫಾರಸು ಚೀಟಿ ಕೇಳಿ. ತಡವಾಗಿ ಮಾತಾಡುವ ಎಷ್ಟೋ ಮಕ್ಕಳು ತಾವಾಗಿಯೇ ಸರಿಹೋಗುತ್ತಾರೆ, ನಿಜ. ಯಾವ ಮಗು ಸರಿಹೋಗುತ್ತದೆ ಅಂತ ಮುಖ ನೋಡಿ ಹೇಳಲು ಬರುವುದಿಲ್ಲ. ಹಾಗಾಗಿ ನಾನು ಕಾಯಲು ಹೇಳುವುದಿಲ್ಲ. ಹೆಸರು ಕರೆದರೆ ತಿರುಗುವುದಿಲ್ಲ, ಬೆರಳು ತೋರಿಸಿ ಕೇಳುವುದಿಲ್ಲ, ಇದ್ದ ಮಾತೂ ಹೋಗುತ್ತಿದೆ ಅನ್ನುವುದಾದರೆ ಇದೇ ವಾರ ಹೋಗಿ.

ಇನ್ನು ನಿಮ್ಮ ಜರ್ಮನ್. ಕೆಲಸಕ್ಕೆ ಬೇಕಾದಷ್ಟು ಕಲಿತಿದ್ದೀರಿ, ಸಂತೋಷ. ಆ ಜರ್ಮನ್‌ನಲ್ಲಿ ಮಗನಿಗೆ ಏನು ಹೇಳುತ್ತೀರಿ? ಬಾ, ಕೂತ್ಕೋ, ತಿನ್ನು, ಬೇಡ. ಅದೇ ಕನ್ನಡದಲ್ಲಾದರೆ, ‘ಅಯ್ಯೋ, ಸಾಕ್ಸ್ ಮತ್ತೆ ಒದ್ದೆ ಮಾಡ್ಕೊಂಡ್ಯಾ ಮರಿ? ಎಲ್ಲಿ, ಕಾಲು ಕೊಡು. ಅಬ್ಬಾ, ಎಷ್ಟು ತಣ್ಣಗಿದೆ! ಒರೆಸ್ಲಾ?’ ಮಗುವಿನ ಮಾತು ಬೆಳೆಯುವುದು ಈ ಎರಡನೇ ತರಹದ್ದರಿಂದ. ಎರಡು ತಿಂಗಳಿಂದ ಅವನಿಗೆ ಅದೇ ಸಿಕ್ಕಿಲ್ಲ. ಜರ್ಮನ್ ಕೊಡಲು ಇಡೀ ಕೀಟಾ ಇದೆ. ಅಲ್ಲಿ ಕನ್ನಡ ಕೊಡುವವರು ನೀವಿಬ್ಬರೇ, ಅಲ್ವಾ?

ದಯವಿಟ್ಟು ಪರೀಕ್ಷೆ ತೆಗೆದುಕೊಳ್ಳುವುದು ನಿಲ್ಲಿಸಿ. ‘ಇದೇನು ಹೇಳು? ಇದು ಯಾವ ಬಣ್ಣ?’ ಅಂತ ಕೇಳಿದಷ್ಟೂ ಮಗು ಬಾಯಿ ಮುಚ್ಚಿಕೊಳ್ಳುತ್ತದೆ. ಅವನು ಚೆಂಡಿನ ಕಡೆ ಕೈ ಚಾಚಿ ‘ಬಾ’ ಅಂದರೆ, ‘ಬಾಲ್ ಬೇಕಾ? ಎಸೀಲಾ?’ ಅನ್ನಿ. ಆಮೇಲೆ ಚೆಂಡು ಹಿಡಿದುಕೊಂಡು ಸುಮ್ನೆ ಅವನ ಮುಖ ನೋಡಿ. ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ. ಬಹಳ ಜನ ಮೂರಕ್ಕೇ ತಾವೇ ಉತ್ತರ ಕೊಟ್ಟುಬಿಡುತ್ತಾರೆ. ಅವನು ಬರೀ ‘ಈ’ ಅಂದರೂ ಚೆಂಡು ಎಸೆಯಿರಿ. ವಿಡಿಯೊ ಕಾಲ್‌ನಲ್ಲಿ ಅಜ್ಜಿಗೂ ಹೇಳಿ: ‘ನಾನ್ಯಾರು ಹೇಳು’ ಬೇಡ, ಬದಲು ಸೆರಗಿನಲ್ಲಿ ಮುಖ ಮುಚ್ಚಿ ಕೂಕೂ ಆಡಲಿ.

ಪ್ರಶ್ನೆ: ನಾವಿಬ್ಬರೂ ಕನ್ನಡಿಗರು. ಒಬ್ಬರು ಕನ್ನಡ, ಒಬ್ಬರು ಇಂಗ್ಲಿಷ್ ಅಂತ ಹಂಚಿಕೊಳ್ಳಬೇಕಾ? (ನ್ಯೂಜೆರ್ಸಿ)

ಬೇಡ. ಒಬ್ಬೊಬ್ಬರದು ಒಂದೊಂದು ಭಾಷೆ ಅನ್ನುವ ಪದ್ಧತಿ ಹೆಸರಾದದ್ದು 1913ರ ಒಂದು ಫ್ರೆಂಚ್ ಪುಸ್ತಕದಿಂದ. ಅದರಲ್ಲಿ ಅಪ್ಪನದು ಫ್ರೆಂಚ್, ಅಮ್ಮನದು ಜರ್ಮನ್. ನಿಮಗೆ ಆ ಕಷ್ಟ ಯಾಕೆ? ಬೆಲ್ಜಿಯಂನ ಸುಮಾರು 1,900 ಮನೆಗಳ ಬಗ್ಗೆ 2007ರಲ್ಲಿ ಬಂದ ಅಧ್ಯಯನದಲ್ಲಿ, ಅಪ್ಪ ಅಮ್ಮ ಇಬ್ಬರೂ ಮನೆಭಾಷೆ ಆಡುವ ಕಡೆಯೇ ಮಕ್ಕಳಿಗೆ ಆ ಭಾಷೆ ಹೆಚ್ಚು ಉಳಿದಿತ್ತು. ಇಬ್ಬರೂ ಕನ್ನಡ ಮಾತಾಡಿ.

ಪ್ರಶ್ನೆ: ‘ಅಮ್ಮಾ, ಬಾಲ್ ಥ್ರೋ ಮಾಡು’ ಅಂತಾನೆ. ಬೆರಕೆ ಭಾಷೆ ಆಗಿಬಿಟ್ಟರೆ?

ನೀವು ‘ಕಾರ್ ಪಾರ್ಕ್ ಮಾಡಿ ಬರ್ತೀನಿ’ ಅನ್ನುವುದಿಲ್ವಾ? ಪದ ಇಂಗ್ಲಿಷಿನದಾದರೂ ಅವನ ವಾಕ್ಯದ ಕಟ್ಟು ಅಪ್ಪಟ ಕನ್ನಡದ್ದು. ಚಿಂತೆ ಬಿಡಿ.

ಪ್ರಶ್ನೆ: ಕನ್ನಡ ಕಲಿಸಲು ಯಾವ ಚಾನೆಲ್ ಒಳ್ಳೆಯದು?

ಎರಡು ವರ್ಷದೊಳಗೆ ಯಾವುದೂ ಬೇಡ. 2003ರಲ್ಲಿ ಪೆಟ್ರೀಶಿಯಾ ಕೂಲ್ ಅವರ ತಂಡ ಅಮೆರಿಕದ ಒಂಬತ್ತು ತಿಂಗಳ ಕೂಸುಗಳಿಗೆ ಚೀನೀ ಭಾಷೆ ಕೇಳಿಸಿತು. ಎದುರು ಕೂತು ಆಡಿಸಿದವರಿಂದ ಕೂಸುಗಳು ಅದರ ಸದ್ದುಗಳನ್ನು ಕಲಿತವು. ಅದನ್ನೇ ಟಿವಿಯಲ್ಲಿ ತೋರಿಸಿದಾಗ ಏನೂ ಕಲಿಯಲಿಲ್ಲ.

ಪ್ರಶ್ನೆ: ನಾಲಿಗೆಗೆ ಬಜೆ, ಜೇನು ತಿಕ್ಕಿದರೆ ಮಾತು ಬರುತ್ತಂತೆ?

ಬರುವುದಿಲ್ಲ. ಒಂದು ವರ್ಷದೊಳಗಿನ ಕೂಸಿಗೆ ಜೇನು ಕೊಡಲೇಬಾರದು. ಬಾಟುಲಿಸಂ ಅನ್ನುವ ವಿಷಬಾಧೆ ಆಗಿ ಪ್ರಾಣಕ್ಕೇ ಅಪಾಯ. ಮಾತು ಬರಿಸುವ ಸಿರಪ್ ಅಂತ ಮಾರುವವರಿಗೆ ದುಡ್ಡೂ ಕೊಡಬೇಡಿ, ಮಗುವನ್ನೂ ಕೊಡಬೇಡಿ.

ಪ್ರಶ್ನೆ: ಪದಗಳೇ ಇಲ್ಲದ ಮಗುವಿಗೆ ನಾಲಿಗೆ ಕೆಳಗಿನ ಪೊರೆ ಕತ್ತರಿಸಿದರೆ?

ಆ ಪೊರೆ ಹಾಲು ಕುಡಿಯಲು ತೊಡಕಾಗಬಹುದು. ಪದಗಳೇ ಬಾರದಿರಲು ಅದು ಕಾರಣವಲ್ಲ. ಕತ್ತರಿಗೆ ಮೊದಲು ಕಿವಿ ಪರೀಕ್ಷೆ ಮಾಡಿಸಿ.

ಪ್ರಶ್ನೆ: ನಾಲ್ಕು ವರ್ಷದ ಮಗಳು ‘ಬಳೆ’ಗೆ ‘ಬಲೆ’ ಅಂತಾಳೆ.

ಳಕಾರ ನಿಧಾನವಾಗಿ ಬರುತ್ತದೆ. ಉಳಿದ ಮಾತು ಹೊರಗಿನವರಿಗೂ ಅರ್ಥವಾಗುತ್ತಿದ್ದರೆ ಬಿಟ್ಟುಬಿಡಿ. ನೀವು ಸರಿಯಾಗಿ ಹೇಳುತ್ತಿರಿ, ಸಾಕು. ನೆಂಟರ ಮುಂದೆ ನಿಲ್ಲಿಸಿ ಹೇಳಿಸಿ ನಗಬೇಡಿ.